ಒತ್ತೆಯಿಲ್ಲದವನ ಒತ್ತೆ: ಮಂಜರಾಬಾದಿನ ಮುಂಗಡ ಸಾಲ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದವರಿಗೆ ಮನ್ವೇಲನ ಪರಿಚಯವಿರುತ್ತದೆ. ಘಟ್ಟದ ಕಾಫಿ ತೋಟದ ಈ ರೈಟರು ಹಳೆಯ ಬಾಕಿಯನ್ನು ಕೇಳುತ್ತ ಚೋಮನ ಗುಡಿಸಲಿಗೆ ಬರುತ್ತಾನೆ. ಚೋಮನಲ್ಲಿ ಹಣವಿಲ್ಲ, ನೆಲವಿಲ್ಲ. ಇರುವ ಜೋಡೆತ್ತನ್ನು ಮಾರಲು ಅವನ ಮನಸ್ಸು ಒಪ್ಪುವುದಿಲ್ಲ. ಗಂಡುಮಕ್ಕಳಿಬ್ಬರು ಸಾಲ ತೀರಿಸಲೆಂದು ತೋಟಕ್ಕೆ ಹೋಗುತ್ತಾರೆ. ಒಬ್ಬ ಕಾಯಿಲೆಯಿಂದ ಸಾಯುತ್ತಾನೆ, ಇನ್ನೊಬ್ಬ ಮತಾಂತರಗೊಂಡು ಮನೆಯನ್ನು ಬಿಡುತ್ತಾನೆ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ತೋಟದ ಒಡೆಯ ಅವಳ ಮೈಯನ್ನು ಕೆಡಿಸಿ, ಚೋಮನ ಲೆಕ್ಕದ ಬಾಕಿಯನ್ನು ಹೊಡೆದುಹಾಕುತ್ತಾನೆ.

ಕನ್ನಡ ವಿಮರ್ಶೆ ಈ ಕಾದಂಬರಿಯನ್ನು ಜಾತಿಯ ಕಥೆಯಾಗಿ, ನೆಲದ ಹಂಬಲದ ಕಥೆಯಾಗಿ, ಮತಾಂತರದ ಕಥೆಯಾಗಿ ಓದಿದೆ. ಆ ಓದುಗಳೆಲ್ಲ ಸರಿಯಾದುವೇ. ಆದರೆ ಕಥೆಯನ್ನು ಮುಂದಕ್ಕೆ ತಳ್ಳುವ ಸಾಲವು ಎಂಥ ಸಾಲ, ಅದನ್ನು ವಸೂಲು ಮಾಡಲು ತೋಟದ ಒಡೆಯನಿಗೆ ಕಾನೂನು ಯಾವ ದಾರಿಯನ್ನು ಕೊಟ್ಟಿತ್ತು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಆ ಪ್ರಶ್ನೆಗೆ ಉತ್ತರ ಘಟ್ಟದ ಮೇಲಿದೆ. ಪುತ್ತೂರು, ಉಪ್ಪಿನಂಗಡಿ ಸೀಮೆಯಿಂದ ಶಿರಾಡಿಯ ದಾರಿಯಲ್ಲಿ, ಸುಬ್ರಹ್ಮಣ್ಯದ ಕಡೆಯಿಂದ ಬಿಸಿಲೆಯ ದಾರಿಯಲ್ಲಿ ಹತ್ತಿ ಬಂದ ಆಳುಗಳಿಗೆ ಮೊದಲು ಸಿಗುತ್ತಿದ್ದ ತೋಟಗಳು ಹಾಸನ ಸೀಮೆಯ ಮಂಜರಾಬಾದಿನವು. ಇಂದಿನ ಹೆಸರಿನಲ್ಲಿ ಹೇಳುವುದಾದರೆ ಸಕಲೇಶಪುರದ ಬೆಟ್ಟಗಳು.

ಈ ಬೆಟ್ಟಗಳು ಹಿಂದೆ ಬಲಂ ಸೀಮೆ. ಐಗೂರಿನ ನಾಯಕರು ಇದನ್ನು ಆಳುತ್ತಿದ್ದರು. ಟಿಪ್ಪುವಿನ ನಕ್ಷತ್ರಾಕಾರದ ಕೋಟೆಯಿಂದ ಇದಕ್ಕೆ ಮಂಜರಾಬಾದು ಎಂಬ ಹೆಸರಾಯಿತು. 1802ರಲ್ಲಿ ಕೊನೆಯ ನಾಯಕ ವೆಂಕಟಾದ್ರಿಯನ್ನು ಆಂಗ್ಲರು ಗಲ್ಲಿಗೇರಿಸಿದ ಮೇಲೆ ಸೀಮೆಯ ಗೌಡರೇ ಇಲ್ಲಿಯ ಪ್ರಮುಖ ಭೂಮಾಲಿಕರಾಗಿ ಉಳಿದರು. ಪೂರ್ವಕ್ಕೆ ಇಳಿಯುವ ಆಲೂರಿನ ಕಡೆ ಭತ್ತದ ಗದ್ದೆಗಳು, ಪಶ್ಚಿಮಕ್ಕೆ ಕಾಡು. ಗದ್ದೆಯ ಕೆಲಸಕ್ಕೆ ಹೊರಗಿನಿಂದ ಆಳು ತರುವ ಅಗತ್ಯವಿರಲಿಲ್ಲ. ಮಲೆನಾಡಿನ ಹೊಲೆಯರಲ್ಲಿ ‘ಹುಟ್ಟಾಳು’ ಮತ್ತು ‘ಮಣ್ಣಾಳು’ ಎಂಬ ಎರಡು ಬಗೆಯ ಆಳುತನವಿದ್ದುದನ್ನು ಮೈಸೂರಿನ ಗೆಜೆಟಿಯರು ದಾಖಲಿಸಿದೆ. ಹುಟ್ಟಾಳು ಹುಟ್ಟಿನಿಂದಲೇ ಒಂದು ಮನೆಗೆ ಸೇರಿದವನು; ಮಣ್ಣಾಳು ನೆಲಕ್ಕೆ ಅಂಟಿದವನು, ನೆಲ ಕೈ ಬದಲಾಯಿಸಿದರೆ ಅವನೂ ಅದರೊಂದಿಗೆ ಹೋಗುತ್ತಿದ್ದ. ಇಲ್ಲಿ ಸಾಲಪತ್ರದ ಮಾತೇ ಬರುವುದಿಲ್ಲ, ಏಕೆಂದರೆ ವಸೂಲು ಮಾಡಬೇಕಾದದ್ದು ಮೊದಲೇ ಒಡೆಯನ ಕೈಯಲ್ಲಿತ್ತು.

1843ನೆಯ ಇಸವಿ ಎರಡು ಕಾರಣಗಳಿಗಾಗಿ ನೆನಪಿಡತಕ್ಕದ್ದು. ಆ ವರ್ಷದ 5ನೆಯ ಕಾಯಿದೆಯಿಂದ ಕಂಪನಿಯ ಪ್ರದೇಶಗಳ ನ್ಯಾಯಾಲಯಗಳು ಗುಲಾಮನ ಮೇಲೆ ಒಡೆಯನಿಗಿದ್ದ ಹಕ್ಕನ್ನು ಮಾನ್ಯ ಮಾಡುವುದನ್ನು ನಿಲ್ಲಿಸಿದವು. ಅದೇ ವರ್ಷ ಗ್ರೀನ್ ಎಂಬ ಯುರೋಪಿಯನ್ನನು ಮಂಜರಾಬಾದಿನಲ್ಲಿ ಕಾಫಿ ತೋಟವನ್ನು ಆರಂಭಿಸಿದನು. ಇವೆರಡಕ್ಕೂ ನೇರವಾದ ಸಂಬಂಧವಿಲ್ಲ. ಮೈಸೂರು ಆಗ ಕಂಪನಿಯ ಪ್ರದೇಶವೂ ಅಲ್ಲ, 1831ರಿಂದ ಕಮಿಷನರರ ಆಡಳಿತದಲ್ಲಿದ್ದ ಸಂಸ್ಥಾನ. ಆದರೂ ಕಾಲಕ್ರಮದಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹುಟ್ಟಿನಿಂದ ಬಂದ ಆಳಿನ ಮೇಲಿನ ಹಕ್ಕು ಕಾನೂನಿನಲ್ಲಿ ಕರಗುತ್ತಿದ್ದ ಕಾಲದಲ್ಲಿಯೇ, ಹಿಂದೆಂದೂ ಬೇಕಾಗದಷ್ಟು ಆಳುಗಳನ್ನು ಬೇಡುವ ಬೆಳೆಯೊಂದು ಈ ಬೆಟ್ಟಗಳಿಗೆ ಬಂತು.

ಕಾಫಿಗೆ ಕಾಡು ಸವರಬೇಕು, ಗುಂಡಿ ತೋಡಬೇಕು, ನೆರಳಿನ ಮರಗಳನ್ನು ಕಾಯ್ದುಕೊಳ್ಳಬೇಕು. ಹಣ್ಣು ಕೆಂಪಾದ ವಾರಗಳಲ್ಲಿ ನೂರಾರು ಕೈಗಳು ಒಮ್ಮೆಗೇ ಬೇಕು. ಸ್ಥಳೀಯ ಆಳುಗಳು ಗೌಡರ ಗದ್ದೆಗಳಲ್ಲಿದ್ದರು. ಹೊರಗಿನವರಿಗೆ ಮಲೆಯ ಜ್ವರದ ಭಯ. ಹಣವನ್ನು ಮೊದಲೇ ಕೈಗಿಡದೆ ಯಾರೂ ಘಟ್ಟ ಹತ್ತುತ್ತಿರಲಿಲ್ಲ. ಹೀಗೆ ‘ಮುಂಗಡ’ ಹುಟ್ಟಿತು. ತೋಟದ ದೊರೆ ಮೇಸ್ತ್ರಿಯ ಕೈಗೆ ಒಂದು ಗಂಟನ್ನು ಕೊಡುತ್ತಿದ್ದ. ಮೇಸ್ತ್ರಿ ತನ್ನ ಊರಿಗೆ ಹೋಗಿ ಅದನ್ನು ಆಳುಗಳಿಗೆ ಹಂಚಿ, ಅವರನ್ನು ಕರೆತಂದು, ಅವರು ದುಡಿದ ದಿನಗಳ ಕೂಲಿಯ ಮೇಲೆ ತನ್ನ ಕಮಿಷನ್ನನ್ನು ಪಡೆಯುತ್ತಿದ್ದ. ಕರಾವಳಿಯ ಆಳುಗಳು ಮೊದಲ ಬೆಳೆಯ ಕೊಯ್ಲಾದ ಮೇಲೆ ಬಂದು ಮುಂಗಾರಿಗೆ ಮುಂಚೆ ಇಳಿದುಹೋಗುತ್ತಿದ್ದರು. ಮುಂಗಡ ಕೂಲಿಯಲ್ಲಿ ವಜಾ ಆಗಬೇಕು. ಆಗದೆ ಉಳಿದುದು ಮುಂದಿನ ವರ್ಷದ ಲೆಕ್ಕಕ್ಕೆ.

ಈ ಹಣಕ್ಕೆ ಸಾಮಾನ್ಯವಾಗಿ ಬಡ್ಡಿಯಿರಲಿಲ್ಲ. ಇದನ್ನು ಕೆಲವರು ತೋಟಗಾರರ ಉದಾರತೆಯೆಂದು ಬಣ್ಣಿಸಿದ್ದುಂಟು. ಆದರೆ ಬಡ್ಡಿಯಿಲ್ಲದ ಸಾಲವೆಂದರೆ ಕೊಟ್ಟವನಿಗೆ ಬೇಕಾದದ್ದು ಹಣವಲ್ಲ ಎಂದೇ ಅರ್ಥ. ಮುಂಗಡ ಪೂರ್ತಿ ತೀರಿದ ಆಳು ಮುಂದಿನ ವರ್ಷ ಪಕ್ಕದ ತೋಟಕ್ಕೆ ಹೋಗಬಹುದು. ಸ್ವಲ್ಪ ಬಾಕಿ ಉಳಿದವನು ಹೋಗಲಾರ.

ಹಣ ಪಡೆದವನು ಬಾರದೆ ಹೋದರೆ, ಅಥವಾ ಬಂದು ನಡುವೆ ಓಡಿಹೋದರೆ ತೋಟದ ಒಡೆಯ ಏನು ಮಾಡಬಹುದಿತ್ತು? ಮೊದಲ ದಾರಿ ಸಿವಿಲ್ ದಾವೆ. ಅದು ಉದ್ದವಾದ ದಾರಿ, ಮತ್ತು ಅದರ ಕೊನೆಯಲ್ಲಿ ಸಿಗುವುದು ಏನೂ ಇಲ್ಲ. 1882ರ ಸಿವಿಲ್ ಪ್ರಕ್ರಿಯಾ ಸಂಹಿತೆ ಡಿಕ್ರಿಗಾಗಿ ಜಫ್ತಿ ಮಾಡಲಾಗದ ವಸ್ತುಗಳನ್ನು ಹೆಸರಿಸಿತ್ತು: ಕುಶಲಕರ್ಮಿಯ ಉಪಕರಣಗಳು, ರೈತನ ನೇಗಿಲು ಮತ್ತು ಬೇಸಾಯದ ದನಗಳು, ರೈತನು ವಾಸವಾಗಿರುವ ಮನೆಯ ಸಾಮಗ್ರಿ, ಕೂಲಿಕಾರನ ಕೂಲಿ. ಆಳಿನ ಬಳಿ ಇರಬಹುದಾದ ಎಲ್ಲವೂ ಈ ಪಟ್ಟಿಯೊಳಗೇ ಮುಗಿಯುತ್ತದೆ. ಉಳಿದದ್ದು ಸಾಲಗಾರನನ್ನೇ ಸಿವಿಲ್ ಜೈಲಿಗೆ ಕಳಿಸುವುದು. ಬಾಕಿ ಐವತ್ತು ರೂಪಾಯಿಯನ್ನು ಮೀರದಿದ್ದರೆ ಆರು ವಾರಗಳಿಗಿಂತ ಹೆಚ್ಚು ಇಡುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಜೈಲಿನಲ್ಲಿರುವಷ್ಟು ದಿನ ಅವನ ಊಟದ ಖರ್ಚನ್ನು ಸಾಲ ಕೊಟ್ಟವನೇ ಕಟ್ಟಬೇಕು. ಹತ್ತು ರೂಪಾಯಿಯ ಮುಂಗಡಕ್ಕಾಗಿ ಓಡಿಹೋದ ಆಳಿಗೆ ಅನ್ನ ಹಾಕುತ್ತ ಕೂರುವ ತೋಟಗಾರ ಎಲ್ಲಿಯೂ ಇರಲಾರ.

ಎರಡನೆಯ ದಾರಿಯನ್ನು 1859ರ 13ನೆಯ ಕಾಯಿದೆ ತೆರೆಯಿತು. ಕೂಲಿಕಾರರ ಕರಾರುಭಂಗದ ಕಾಯಿದೆಯೆಂದು ಇದನ್ನು ಕರೆಯಬಹುದು. ಕಲ್ಕತ್ತೆ, ಮದರಾಸು, ಬೊಂಬಾಯಿಗಳಂಥ ಪಟ್ಟಣಗಳ ಉತ್ಪಾದಕರಿಗೂ ವ್ಯಾಪಾರಿಗಳಿಗೂ ಮುಂಗಡ ಪಡೆದ ಕೆಲಸಗಾರರ ಮೋಸದಿಂದ ನಷ್ಟವಾಗುತ್ತಿದೆ ಎಂಬುದು ಅದರ ಪೀಠಿಕೆಯ ಆಶಯ. ಪಟ್ಟಣದ ದರ್ಜಿ, ಬಡಗಿಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದ ಈ ಪುಟ್ಟ ಕಾಯಿದೆ ಹೊರಗಿನ ಪ್ರದೇಶಗಳಿಗೆ ವಿಸ್ತರಿಸುತ್ತ ಹೋಗಿ, ಅಸ್ಸಾಮಿನ ಚಹಾ ತೋಟಗಳಲ್ಲಿಯೂ ದಕ್ಷಿಣದ ಕಾಫಿ ಬೆಟ್ಟಗಳಲ್ಲಿಯೂ ಕೋಲಾರದ ಚಿನ್ನದ ಗಣಿಗಳಲ್ಲಿಯೂ ಬಳಕೆಗೆ ಬಂತು. 1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿದಾಗ ಕಮಿಷನರರ ಕಾಲದ ಕಾಯಿದೆಗಳು ಹಾಗೆಯೇ ಮುಂದುವರಿದವು.

ಕಾಯಿದೆಯ ಕೆಲಸ ಸರಳವಾದದ್ದು. ಮುಂಗಡ ಪಡೆದವನು ಸಕಾರಣವಿಲ್ಲದೆ ಬೇಕೆಂದೇ ಕೆಲಸ ಬಿಟ್ಟನೆಂದು ಒಡೆಯ ಮ್ಯಾಜಿಸ್ಟ್ರೇಟನಿಗೆ ದೂರು ಕೊಡುತ್ತಾನೆ. ದೂರು ರುಜುವಾತಾದರೆ ಮ್ಯಾಜಿಸ್ಟ್ರೇಟನು ಹಣವನ್ನು ಹಿಂದಿರುಗಿಸು ಎಂದು ಇಲ್ಲವೇ ಕೆಲಸವನ್ನು ಮಾಡಿ ಮುಗಿಸು ಎಂದು ಆಜ್ಞೆ ಮಾಡುತ್ತಾನೆ. ಎರಡರಲ್ಲಿ ಯಾವುದೆಂಬ ಆಯ್ಕೆ ದೂರು ಕೊಟ್ಟವನದು. ಆಜ್ಞೆಯಂತೆ ನಡೆಯದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಇಲ್ಲಿ ಊಟದ ಖರ್ಚು ಸರಕಾರದ್ದು. ಸಿವಿಲ್ ದಾರಿಯ ಆರು ವಾರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ತೋಟಗಾರರು ಯಾವ ಬಾಗಿಲನ್ನು ತಟ್ಟುತ್ತಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ಹಣ ವಾಪಸಿನ ಆಜ್ಞೆ ಈಡೇರದೆ ಉಳಿದಷ್ಟು ಕಾಲ ಸಿವಿಲ್ ಪರಿಹಾರವೂ ಒಡೆಯನ ಪಾಲಿಗೆ ತೆರೆದೇ ಇರುತ್ತದೆ ಎಂಬ ಮಾತು ಕಾಯಿದೆಯಲ್ಲಿಯೇ ಇತ್ತು. ಎಂದರೆ ಸಜೆ ತೀರಿದರೂ ಸಾಲ ತೀರುತ್ತಿರಲಿಲ್ಲ.

ಪೀಠಿಕೆ ಹೇಳುವುದು ಮೋಸವನ್ನು. ದಂಡನೆಯ ಪ್ರಕರಣ ಕೇಳುವುದು ಬೇಕೆಂದೇ ಬಿಟ್ಟನೇ ಎಂಬುದನ್ನು ಮಾತ್ರ. ಈ ಅಂತರದಲ್ಲಿ ಎಷ್ಟು ಜನ ಬಿದ್ದರೆಂದು ಊಹಿಸಬಹುದು. ಜ್ವರ ಬಂದು ಊರಿಗೆ ಓಡಿದವನು ಮೋಸಗಾರನಲ್ಲ. ಆದರೆ ತನ್ನ ಜ್ವರ ‘ಸಕಾರಣ’ವೆಂದು ಕಚೇರಿಯಲ್ಲಿ ನಿಂತು ಸಾಧಿಸಬೇಕಾದವನು ಅವನೇ, ಅದೂ ತಾನು ಓದಲಾರದ, ಹೆಬ್ಬೆಟ್ಟು ಒತ್ತಿದ ಕಾಗದವೊಂದಕ್ಕೆ ಎದುರಾಗಿ.

ಈ ವಿಚಾರ ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲಾಚೆಯಿಂದ ಬಂದದ್ದೆಂದು ತಿಳಿಯುವುದು ಅರ್ಧ ಸತ್ಯ ಮಾತ್ರ. ಸಾಲ ವಸೂಲಿಯ ಶಾಸ್ತ್ರ ಕನ್ನಡ ನೆಲದಲ್ಲಿ ಹಳೆಯದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಮುಂದೆ ಬ್ರಿಟಿಷ್ ನ್ಯಾಯಾಲಯಗಳಲ್ಲಿಯೂ ಪ್ರಮಾಣಗ್ರಂಥವಾಯಿತು. ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದೇ ಋಣಾದಾನ. ಸಾಲವನ್ನು ಹಿಂಪಡೆಯಲು ಸ್ಮೃತಿಕಾರರು ಹೇಳುವ ಉಪಾಯಗಳು ಐದು: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ನಯವಾದ ಮಾತಿನಿಂದ ಆರಂಭವಾಗಿ, ನ್ಯಾಯಸಭೆ, ಉಪಾಯ, ಬಾಗಿಲಲ್ಲಿ ಕೂತು ಕಾಡುವ ರೂಢಿ ಇವುಗಳನ್ನು ದಾಟಿ ಬಲಪ್ರಯೋಗದವರೆಗೆ ಈ ಮೆಟ್ಟಿಲುಗಳು ಏರುತ್ತವೆ. ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ತತ್ತ್ವವೂ ಈ ಪರಂಪರೆಯದೇ; ಅದು ಸಾಲಗಾರನಿಗೆ ದೊಡ್ಡ ರಕ್ಷಣೆ.

ಆದರೆ ಯಾಜ್ಞವಲ್ಕ್ಯನಲ್ಲಿ ಇನ್ನೊಂದು ವಿಧಿಯಿದೆ. ಸಾಲ ತೀರಿಸಲು ಏನೂ ಉಳಿಯದ ಹೀನಜಾತಿಯವನಿಂದ ಸಾಲಕ್ಕಾಗಿ ಕೆಲಸ ಮಾಡಿಸಬೇಕು. ಅದೇ ಸ್ಥಿತಿಯ ಬ್ರಾಹ್ಮಣನಿಂದ ಅವನಿಗೆ ಆದಾಯ ಬಂದ ಹಾಗೆ ಮೆಲ್ಲಮೆಲ್ಲನೆ ಕೊಡಿಸಬೇಕು. ಇಬ್ಬರೂ ಬರಿಗೈಯವರೇ, ಒಬ್ಬನಿಗೆ ಕಾಲಾವಕಾಶ, ಇನ್ನೊಬ್ಬನಿಗೆ ದುಡಿಮೆ. 1859ರ ಕಾಯಿದೆಯ ಕರಡು ಬರೆದವರು ಈ ಶ್ಲೋಕವನ್ನು ನೆನೆದಿರಲಾರರು. ನೆನೆಯಬೇಕಾಗಿಯೂ ಇರಲಿಲ್ಲ, ಏಕೆಂದರೆ ಅದು ಹೇಳುವ ವ್ಯವಸ್ಥೆ ಊರೂರಿನಲ್ಲಿ ಜೀವಂತವಾಗಿತ್ತು.

ಒತ್ತೆಯಿರುವವನ ಸಾಲಕ್ಕೂ ಒತ್ತೆಯಿಲ್ಲದವನ ಸಾಲಕ್ಕೂ ಇರುವ ಅಂತರವನ್ನು ತಿಳಿಯಲು ಹಾಸನ ಜಿಲ್ಲೆಯ ಮತ್ತೊಂದು ತುದಿಯಲ್ಲಿರುವ ಶ್ರವಣಬೆಳಗೊಳದ 1634ರ ಶಾಸನವನ್ನು ನೋಡಬೇಕು. ದೇವಸ್ಥಾನದ ದತ್ತಿಯ ಭೂಮಿಗಳನ್ನು ಸ್ಥಾನಿಕರು ವರ್ತಕರಿಗೆ ಅಡವಿಟ್ಟಿದ್ದರು. ಅಡವು ಹಿಡಿದವರು ಬಹುಕಾಲದಿಂದ ಅವುಗಳನ್ನು ಅನುಭವಿಸುತ್ತಿದ್ದರು. ಮೈಸೂರಿನ ಚಾಮರಾಜ ಒಡೆಯರು ವಿಚಾರಿಸಿ, ವರ್ತಕರನ್ನು ಕರೆಸಿ, ನಿಮ್ಮ ಸಾಲವನ್ನು ತಾವೇ ತೀರಿಸುವುದಾಗಿ ತಿಳಿಸಿದರು. ವರ್ತಕರು ಹಣವನ್ನು ಒಲ್ಲದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಗೊಮ್ಮಟಸ್ವಾಮಿಯ ಸನ್ನಿಧಿಯಲ್ಲಿ, ಚಾರುಕೀರ್ತಿ ಪಂಡಿತದೇವರ ಸಮಕ್ಷಮದಲ್ಲಿ ಆ ಅಡವನ್ನು ಧಾರೆಯೆರೆದು ಬಿಟ್ಟುಕೊಟ್ಟರು. ಮುಂದೆ ದೇವರ ಭೂಮಿಯನ್ನು ಅಡವಿಡುವವನೂ ಹಿಡಿಯುವವನೂ ಧರ್ಮಬಾಹಿರರೆಂದು ಶಾಸನವಾಯಿತು. ಅರಸನು ವರ್ತಕರ ಹಕ್ಕನ್ನು ಅಲ್ಲಗಳೆಯಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಸಾಲ ನಿಜ, ಅಡವೂ ಸಿಂಧು. ಆದರೆ ಕೆಲವು ವಸ್ತುಗಳು ಒತ್ತೆಯಾಗಿ ಸಲ್ಲವು ಎಂದು ಆಡಳಿತ ಗೆರೆ ಎಳೆಯಿತು. ದೇವರ ಗದ್ದೆಗೆ ಎಳೆದ ಆ ಗೆರೆಯನ್ನು ಆಳಿನ ಮೈಗೆ ಎಳೆಯಲು ಇನ್ನೂ ಸುಮಾರು ಮುನ್ನೂರು ವರ್ಷ ಬೇಕಾದವು.

ಮಂಜರಾಬಾದಿನ ತೋಟಗಾರರಲ್ಲಿ ಬರವಣಿಗೆಯಿಂದ ಹೆಸರಾದವನು ರಾಬರ್ಟ್ ಎಚ್. ಎಲಿಯಟ್. 1850ರ ದಶಕದ ನಡುವಿನಲ್ಲಿ ಇಲ್ಲಿಗೆ ಬಂದ ಅವನು 1871ರಲ್ಲಿಯೂ 1894ರಲ್ಲಿಯೂ ಮೈಸೂರಿನ ತೋಟಗಾರಿಕೆಯ ಅನುಭವಗಳನ್ನು ಪುಸ್ತಕಗಳಾಗಿ ಪ್ರಕಟಿಸಿದನು; ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಕುಳಿತನು. ಸ್ಕಾಟ್ಲೆಂಡಿನಲ್ಲಿ ಅವನು ಭೂಮಾಲಿಕ. ಆ ದೇಶದಲ್ಲಿ ಗೇಣಿ ಬಾಕಿಗಾಗಿ ಒಕ್ಕಲಿನ ಬೆಳೆ ಮತ್ತು ದನಗಳ ಮೇಲೆ ಭೂಮಾಲಿಕನಿಗಿದ್ದ ವಿಶೇಷ ಹಕ್ಕನ್ನು 1880ರಲ್ಲಿ ಕೃಷಿಭೂಮಿಯ ಮಟ್ಟಿಗೆ ತೆಗೆದುಹಾಕಲಾಯಿತು. ಇಂಗ್ಲೆಂಡಿನಲ್ಲಿ ಸಾಲಕ್ಕಾಗಿ ಜೈಲಿಗೆ ಹಾಕುವ ಪದ್ಧತಿಯನ್ನು 1869ರಲ್ಲಿಯೇ ಬಹುಮಟ್ಟಿಗೆ ಕೈಬಿಟ್ಟಿದ್ದರು; ಕೆಲಸದ ಕರಾರು ಮುರಿದವನನ್ನು ಅಪರಾಧಿಯೆಂದು ಕಾಣುವುದನ್ನು 1875ರಲ್ಲಿ ನಿಲ್ಲಿಸಿದರು. ತವರಿನಲ್ಲಿ ಒಂದೊಂದಾಗಿ ಕಳಚಿದ ಹಕ್ಕುಗಳು ಹೇಮಾವತಿಯ ದಂಡೆಯಲ್ಲಿ ಇನ್ನೂ ಅರ್ಧ ಶತಮಾನ ಉಳಿದವು.

ಆದರೂ ಮಲೆಯ ತೋಟಗಾರರಿಗೆ ಈ ಕಾಯಿದೆ ಸಾಕೆನಿಸಲಿಲ್ಲ. ಅವರ ಕಷ್ಟಗಳಲ್ಲಿ ಒಂದೆರಡನ್ನು ಒಪ್ಪಿಕೊಳ್ಳಲೇಬೇಕು. ದೊಡ್ಡ ಗಂಟನ್ನು ನುಂಗುತ್ತಿದ್ದವನು ಆಳಲ್ಲ, ಮೇಸ್ತ್ರಿ. ಕಾಯಿದೆ ಹೆಸರಿಸುವುದು ಕುಶಲಕರ್ಮಿ, ಕೆಲಸಗಾರ, ಕೂಲಿಕಾರ ಎಂಬ ಮೂವರನ್ನು. ತಾನು ದುಡಿಯದೆ ದುಡಿಯುವವರನ್ನು ತರುವ ಮಧ್ಯವರ್ತಿ ಈ ಮೂವರಲ್ಲಿ ಯಾರು ಎಂಬ ಪ್ರಶ್ನೆ ಸುಲಭದ್ದಲ್ಲ. ಕೊಟ್ಟದ್ದು ಕೆಲಸದ ಮುಂಗಡವೇ, ಬರಿಯ ಕೈಸಾಲವೇ ಎಂಬುದೂ ಹಾಗೆಯೇ. ಮೂರನೆಯದು ಗಡಿ. ಮಾರನಹಳ್ಳಿಯಿಂದ ಶಿರಾಡಿಗೆ ಇಳಿದ ಆಳು ಮೈಸೂರನ್ನು ಬಿಟ್ಟು ಮದರಾಸು ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರುತ್ತಿದ್ದ. ಎರಡು ಸರಕಾರ, ಎರಡು ಪೊಲೀಸು. ತೋಟದಿಂದ ಕಾಣುವಷ್ಟು ಹತ್ತಿರದ ಊರು ಕಚೇರಿಯ ಕಾಗದಕ್ಕೆ ಬಹಳ ದೂರ. 1893ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ತೋಟಗಾರರ ಸಂಯುಕ್ತ ಸಂಘ ‘ಉಪಾಸಿ’ ಸ್ಥಾಪನೆಯಾದಾಗ ಆಳು ಮತ್ತು ಮುಂಗಡದ ಕಾನೂನು ಅದರ ಮುಂದಿದ್ದ ದೊಡ್ಡ ವಿಷಯಗಳಲ್ಲೊಂದು. ಮದರಾಸು ಪ್ರಾಂತ 1903ರಲ್ಲಿ ತೋಟದ ಆಳುಗಳಿಗಾಗಿ ಪ್ರತ್ಯೇಕ ಕಾಯಿದೆಯನ್ನು ತಂದಿತು.

ತೋಟಗಾರನಿಗೆ ಆದ ನಷ್ಟ ನಿಜವಾದದ್ದು ಎಂಬುದನ್ನು ಮರೆಯಬಾರದು. 1860ರ ದಶಕದ ಕೊನೆಯಲ್ಲಿ ಕಾಂಡಕೊರಕ ಹುಳು ಮೈಸೂರಿನ ತೋಟಗಳನ್ನು ಹಾಳುಗೆಡವಿದಾಗ ಮುಂಗಡದ ಹಣವೂ ಅನೇಕರಿಗೆ ಸಾಲದ ಹಣವೇ ಆಗಿತ್ತು. ಕೊಟ್ಟ ಹಣವನ್ನು ಕೇಳುವುದು ಅನ್ಯಾಯವೆಂದು ಯಾವ ಧರ್ಮಶಾಸ್ತ್ರವೂ ಹೇಳದು. ಪ್ರಶ್ನೆ ಇರುವುದು ಏನನ್ನು ಹಿಡಿದು ಕೇಳಬಹುದು ಎಂಬಲ್ಲಿ. ಗದ್ದೆಯಿದ್ದವನ ಸಾಲಕ್ಕೆ ಗದ್ದೆ ಹೋಗುತ್ತದೆ, ಅವನು ಉಳಿಯುತ್ತಾನೆ. ಮುಂಗಡದ ಆಳಿನ ವಿಷಯದಲ್ಲಿ ಅವನ ನೇಗಿಲನ್ನೂ ಕೂಲಿಯನ್ನೂ ಜಫ್ತಿಯಿಂದ ಕಾಯ್ದ ಕಾನೂನು, ಪಕ್ಕದ ಬಾಗಿಲಿನಿಂದ ಅವನನ್ನೇ ಒಪ್ಪಿಸಿಬಿಟ್ಟಿತು.

ಮುಂದಿನ ಕಥೆ ಬೇಗ ಮುಗಿಯುತ್ತದೆ. 1920ರ ತಿದ್ದುಪಡಿ ಕಾಯಿದೆಯನ್ನು ಮುನ್ನೂರು ರೂಪಾಯಿವರೆಗಿನ ಮುಂಗಡಗಳಿಗೆ ಸೀಮಿತಗೊಳಿಸಿ, ಆಯ್ಕೆಯ ಅಧಿಕಾರವನ್ನು ಮ್ಯಾಜಿಸ್ಟ್ರೇಟನ ವಿವೇಚನೆಗೆ ಬಿಟ್ಟಿತು. 1925ರ ರದ್ದತಿ ಕಾಯಿದೆಯ ಪ್ರಕಾರ 1926ರ ಏಪ್ರಿಲ್ 1ರಿಂದ ಬ್ರಿಟಿಷ್ ಭಾರತದಲ್ಲಿ ಅದು ಇಲ್ಲವಾಯಿತು. ನೆರೆಯ ಕೊಡಗಿನಲ್ಲಿ ಮಾತ್ರ ತೋಟಗಾರರ ಹಿತಕ್ಕಾಗಿ ಪ್ರತ್ಯೇಕ ಕಾಯಿದೆಯೊಂದು 1931ರವರೆಗೆ ಉಳಿದುಕೊಂಡಿತು.

‘ಚೋಮನ ದುಡಿ’ ಅಚ್ಚಾದದ್ದು ಇದಾದ ಮೇಲೆ, 1933ರಲ್ಲಿ. ಚೋಮನ ಊರಿನಲ್ಲಿ ಆಗ ಮನ್ವೇಲನ ಕೈಯಲ್ಲಿ ವಾರಂಟಿರಲು ಸಾಧ್ಯವೇ ಇರಲಿಲ್ಲ. ಕಾದಂಬರಿಯಲ್ಲಿ ಪೊಲೀಸಿನವನಾಗಲಿ ಕಚೇರಿಯಾಗಲಿ ಸಾಲ ಕೇಳಲು ಬರುವುದಿಲ್ಲ. ರೈಟರೊಬ್ಬ ಬಾಗಿಲಲ್ಲಿ ನಿಲ್ಲುತ್ತಾನೆ, ಅಷ್ಟೇ ಸಾಕಾಗುತ್ತದೆ. ಅರವತ್ತೇಳು ವರ್ಷ ಕಾನೂನು ಬೆನ್ನಿಗಿದ್ದ ಭಯಕ್ಕೆ ಏಳು ವರ್ಷದ ಬಳಿಕ ಕಾನೂನಿನ ಊರುಗೋಲು ಬೇಕಾಗಿರಲಿಲ್ಲ. ಕಾರಂತರು ಇದನ್ನು ವಿವರಿಸುವುದಿಲ್ಲ. ಸಾಲವನ್ನು ತೀರಿಸದಿದ್ದರೆ ಏನಾಗುತ್ತದೆ ಎಂದು ಚೋಮ ಒಮ್ಮೆಯೂ ಲೆಕ್ಕ ಹಾಕದೆ ಮಕ್ಕಳನ್ನು ಕಳಿಸುವುದರಲ್ಲಿಯೇ ಅದು ಅಡಗಿದೆ. ಸ್ಮೃತಿಯ ಐದು ಉಪಾಯಗಳಲ್ಲಿ ‘ಆಚರಿತ’ಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಕನ್ನಡ ಗದ್ಯದಲ್ಲಿ ದೊರೆಯುವುದು ಕಷ್ಟ.

ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ ಚಲನಚಿತ್ರ 1975ರದು. ಅದೇ ವರ್ಷದ ಅಕ್ಟೋಬರ್ 25ರಂದು ಜೀತಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಜಾರಿಗೆ ಬಂತು. 1976ರಲ್ಲಿ ಅದು ಕಾಯಿದೆಯಾಯಿತು. ಕರ್ನಾಟಕದಲ್ಲಿ ದೇವರಾಜ ಅರಸರ ಸರಕಾರ ಅದೇ 1976ರಲ್ಲಿ ಸಣ್ಣ ರೈತರ, ಭೂಹೀನ ಕೂಲಿಕಾರರ ಸಾಲಗಳನ್ನು ಮನ್ನಾ ಮಾಡುವ ಋಣಪರಿಹಾರ ಕಾಯಿದೆಯನ್ನೂ ತಂದಿತು. ಜೀತ ರದ್ದತಿಯ ಕಾಯಿದೆಯನ್ನು 1859ರ ಕಾಯಿದೆಯ ಪಕ್ಕದಲ್ಲಿಟ್ಟು ಓದುವುದು ವಿದ್ಯಾರ್ಥಿಗಳಿಗೆ ಪ್ರಯೋಜನಕರ. ಒಂದರ ಪ್ರಕರಣಗಳು ಇನ್ನೊಂದರವನ್ನು ತಿರುಗಿಸಿ ಬರೆದಂತಿವೆ. ಜೀತದ ಸಾಲದ ವಸೂಲಿಗೆ ಯಾವ ಸಿವಿಲ್ ನ್ಯಾಯಾಲಯದಲ್ಲಿಯೂ ದಾವೆ ಹೂಡುವಂತಿಲ್ಲ. ಸಾಲಕ್ಕಾಗಿ ಹಿಡಿದಿಟ್ಟುಕೊಂಡ ಆಸ್ತಿಯನ್ನು ಹಿಂದಿರುಗಿಸಬೇಕು. ತನ್ನದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ಸಾಧಿಸುವ ಹೊಣೆ ಸಾಲ ಕೊಟ್ಟವನ ಮೇಲಿದೆ. ಇಂಥ ಸಾಲದ ಲೆಕ್ಕಕ್ಕೆ ಹಣ ಸ್ವೀಕರಿಸಿದವನಿಗೆ ಮೂರು ವರ್ಷಗಳವರೆಗೆ ಸಜೆ. ಈ 9ನೆಯ ಪ್ರಕರಣ ಜಾರ್ಜ್ ರಾಜರ ಕಾಲದ ಆ ತೋಟಕ್ಕೆ ಅನ್ವಯಿಸಿದ್ದರೆ, ಚೋಮನ ಮಕ್ಕಳ ಕೂಲಿಯಿಂದ ಒಂದಾಣೆಯನ್ನು ಮುರಿದುಕೊಂಡಾಗಲೇ ಮನ್ವೇಲನ ಧಣಿ ಅಪರಾಧಿಯಾಗುತ್ತಿದ್ದ. ಹೊಡೆದುಹಾಕಲು ಅವನ ಪುಸ್ತಕದಲ್ಲಿ ಬಾಕಿಯೇ ಇರುತ್ತಿರಲಿಲ್ಲ.